ಕಂಪ್ಯೂಟರ್ ರಿಪೇರಿ ಮಾಡಿದ ಮಾವನವರಿಗೆ

ಹೊರಮಾವು
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಾವನವರಿಗೆ, ಒಳಮನೆಯಿಂದ ನಿಮ್ಮ ಸೊಸೆಯ ನಮಸ್ಕಾರ.

ನೀವು ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದೀರಿ. ನಾನು ಗೋಡೆಯ ಈಚೆ ಕಂಪ್ಯೂಟರ್ ಮುಂದೆ ಕೂತು ನಿಮಗೆ ಕಾಗದ ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು ಇದೆಂಥ ಕಾಗದ ಎಂದು ನಗಬೇಡಿ. ನಿನ್ನೆ ಕುಕ್ ಟೌನಿನ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವಲ್ಲ, ಅವರು ನಿಮ್ಮ ಕಿವಿಯೊಳಗೆ ಟಾರ್ಚು ಬಿಟ್ಟು ನೋಡುತ್ತಿರುವಾಗಲೇ ನೀವು ಕಥೆ ಶುರು ಮಾಡಿಬಿಟ್ಟಿರಿ. "ನಮ್ ಸೊಸೆ ಕಂಪ್ಯೂಟರ್ ಕೆಟ್ಟೋಗಿತ್ತು ಡಾಕ್ಟ್ರೇ. ಇಂಜಿನಿಯರ್ ಬಂದ, ಅವನ ಕೈಲೂ ಆಗಲಿಲ್ಲ. ಕೊನೇಗೆ ನಾನೇ ಫ್ಯೂಸ್ ಕಿತ್ತು ಹಾಕ್ದೆ ನೋಡಿ, ಸರಿಹೋಯ್ತು" ಅಂದಿರಿ. ಡಾಕ್ಟರು ಪಾಪ ನಂಬಿದರು, ಇಂಥ ಮಾವನನ್ನು ಪಡೆದ ನನ್ನ ಪುಣ್ಯಕ್ಕೆ ತಲೆದೂಗಿದರು. "ಮಾವ, ಅದು ಹಾಗಲ್ಲ" ಎಂದೆ. ನಿಮಗೆ ಕೇಳಿಸಲಿಲ್ಲ. ಕಿವಿಯಲ್ಲಿರಬೇಕಾದ ಮಿಷನ್ನು ನಿಮ್ಮ ಜೇಬಿನಲ್ಲಿತ್ತು. ಕಿರುಚಿ ಹೇಳೋಣವೆಂದರೆ ಹೊರಗೆ ಕಾಯುತ್ತಿದ್ದವರೆಲ್ಲ ಮಾವ ಸೊಸೆ ಜಗಳಕ್ಕೆ ಬಿದ್ದರು ಎಂದುಕೊಳ್ಳುತ್ತಿದ್ದರು.

ಅದಕ್ಕೇ ದೊಡ್ಡ ಅಕ್ಷರದಲ್ಲಿ ಹೊಡೆದು, ಪ್ರಿಂಟ್ ತೆಗೆದು, ನಿಮ್ಮ ಪೇಪರಿನ ಮಡಿಕೆಯೊಳಗೆ ಇಡುತ್ತಿದ್ದೇನೆ. ಆ ಕಂಪ್ಯೂಟರ್ ಸರಿ ಮಾಡಿದ್ದು ನಾನು. ಫ್ಯೂಸ್ ಕಿತ್ತಿದ್ದು ನೀವು, ನಿಜ. ಕಿತ್ತಿದ್ದು ಯಾವಾಗ, ಯಾಕೆ ಎಂದು ಒಮ್ಮೆ ಸರಿಯಾಗಿ ನೆನಪು ಮಾಡಿಕೊಡುತ್ತೇನೆ.

ನಾನು ಹಲಸೂರಿನ ತವರಿನಿಂದ ಈ ಮನೆಗೆ ಬಂದ ಹೊಸತರಲ್ಲಿ ನಿಮ್ಮ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿರಲಿಲ್ಲ. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವುದು ಈ ಮನೆಯ ಪದ್ಧತಿಯಲ್ಲ ಎಂದು ಅತ್ತೆ ಮುನಿಶಾಮಮ್ಮನವರು ಮೊದಲ ದಿನವೇ ಕಿವಿಯಲ್ಲಿ ಊದಿದ್ದರು. ಅವರೇ ನಮ್ಮಿಬ್ಬರ ನಡುವಿನ ಪೋಸ್ಟ್‌ಮ್ಯಾನು. ನೀವು ಪಡಸಾಲೆಯಲ್ಲಿ, ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ. "ಅತ್ತೆ, ಅಡುಗೆ ಆಗಿದೆ ಅಂತ ಮಾವನಿಗೆ ಹೇಳಿ" ಎಂದು ನಾನು ಹೇಳಿದ್ದು ನಿಮಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಅತ್ತೆ "ಅಡುಗೆ ಆಗೈತಂತೆ" ಎಂದು ಮತ್ತೊಮ್ಮೆ ಹೇಳಿದ ಮೇಲೆಯೇ ನೀವು ಏಳುತ್ತಿದ್ದಿರಿ. ಅತ್ತೆ ಇಲ್ಲದಿದ್ದರೆ ಪಡಸಾಲೆಯ ಕಂಬವಿತ್ತು. "ಸಾರಿಗೆ ಉಪ್ಪು ಜಾಸ್ತಿ ಆಗೈತೆ" ಎಂದು ನೀವು ಕಂಬಕ್ಕೆ ಹೇಳುತ್ತಿದ್ದಿರಿ, ನಾನು ಕಂಬದಿಂದ ತಿಳಿದುಕೊಳ್ಳುತ್ತಿದ್ದೆ. ನನಗೆ ಆಗ ನಗು ಬರುತ್ತಿತ್ತು. ಕೆಲವು ದಿನ ಅಳುವೂ ಬರುತ್ತಿತ್ತು, ಅದನ್ನೂ ಈಗ ಹೇಳಿಬಿಡುತ್ತೇನೆ.

ಆಮೇಲೆ ಈ ಮನೆಗೆ ಕಂಪ್ಯೂಟರ್ ಬಂತು. ಮದುವೆಗೆ ಮುಂಚೆ ಶಿವಾಜಿನಗರದಲ್ಲಿ ಕನ್ನಡ ಅಕ್ಷರ ಜೋಡಣೆ ಕಲಿತಿದ್ದೆ. ಆ ವಿದ್ಯೆ ಸುಮ್ಮನೆ ಹಾಳಾಗುತ್ತಿದೆ ಎಂದು ನಿಮ್ಮ ಮಗನ ಬೆನ್ನು ಹತ್ತಿ ತರಿಸಿದೆ. ಮೊದಲು ಲಗ್ನಪತ್ರಿಕೆ, ನಾಮಕರಣದ ಕಾರ್ಡು. ಆಮೇಲೆ ಶಿವಾಜಿನಗರದ ಪ್ರೆಸ್ಸಿನ ರಹೀಂ ಸಾಹೇಬರ ಪರಿಚಯವಾಯಿತು. "ಕನ್ನಡ ನಮ್ಗೆ ಮಾತಾಡಕ್ಕೆ ಬರ್ತದೆ ಮೇಡಂ, ಜೋಡ್ಸಕ್ಕೆ ಬರಲ್ಲ. ಉರ್ದು, ತಮಿಳು ಎಲ್ಲಾ ಜನ ಇದಾರೆ ನಮ್ ಹತ್ರ, ಕನ್ನಡಕ್ಕೇ ಜನ ಇಲ್ಲ" ಎಂದು ಅವರು ಹೇಳಿದಾಗ ನನಗೆ ಕುರ್ಚಿ ಹಾಕಿ ಕೂರಿಸಿದಷ್ಟು ಸಂತೋಷವಾಗಿತ್ತು. ನೀವು ಮಾತ್ರ ಕಂಬಕ್ಕೆ ಹೇಳಿದಿರಿ: "ಹಗಲೆಲ್ಲಾ ಅದೇನು ಕುಟ್ತಾಳೋ. ಮನೇಲಿ ರಾಗಿ ಕುಟ್ಟೋಕೆ ಆಳಿಲ್ಲ."

ಹೊರಮಾವಿನ ಕರೆಂಟು ಆಗ ಹೇಗಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಅದಕ್ಕೇ ಮೇಜಿನ ಕೆಳಗೆ ಆ ಕರಿ ಡಬ್ಬ ಬಂದು ಕೂತದ್ದು, ಯುಪಿಎಸ್ಸು. ಒಳಗೊಂದು ಬ್ಯಾಟರಿ. ಕರೆಂಟು ಹೋದಾಗ ಸ್ವಲ್ಪ ಹೊತ್ತು ಅದೇ ಕಂಪ್ಯೂಟರನ್ನು ಕಾಯುತ್ತದೆ. ಡಬ್ಬದಿಂದ ಕಂಪ್ಯೂಟರಿಗೆ ಒಂದು ವೈರು. ಬ್ಯಾಟರಿ ಮುಗಿಯುತ್ತಾ ಬಂದರೆ ಡಬ್ಬ ಆ ವೈರಿನ ಮೂಲಕ ಸುದ್ದಿ ಕಳಿಸುತ್ತದೆ, ಕಂಪ್ಯೂಟರಿನೊಳಗಿರುವ ಸಾಫ್ಟ್‌ವೇರು ಅದನ್ನು ಕೇಳಿಸಿಕೊಂಡು, ಬರೆದದ್ದನ್ನೆಲ್ಲ ಉಳಿಸಿ, ತಾನೇ ಜೋಪಾನವಾಗಿ ಬಾಗಿಲು ಹಾಕಿಕೊಳ್ಳುತ್ತದೆ. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರೂ, ಒಲೆಯ ಮುಂದಿದ್ದರೂ ಚಿಂತೆಯಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ದಸರಾ ನೆನಪಿದೆಯಲ್ಲ? ರಹೀಂ ಸಾಹೇಬರು ಅದುವರೆಗಿನ ದೊಡ್ಡ ಕೆಲಸ ಕೊಟ್ಟಿದ್ದರು. ಕೆ.ಆರ್.ಪುರದ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆ, ರಾಜ್ಯೋತ್ಸವದ ದಿನ ಬಿಡುಗಡೆ. ಇದನ್ನು ಹೊತ್ತಿಗೆ ಸರಿಯಾಗಿ ಮುಗಿಸಿದರೆ ಶಾಲೆಯ ಪುಸ್ತಕಗಳ ಕೆಲಸ ವರ್ಷವಿಡೀ ನನಗೇ, ಇಲ್ಲದಿದ್ದರೆ ಎಲ್ಲವೂ ರಾಜಾಜಿನಗರದಲ್ಲಿ ಅಕ್ಷರ ಜೋಡಿಸುವ ಬೇರೆಯವರಿಗೆ. ಅವರು ಹೇಳಿದ್ದು ಅಷ್ಟೇ. ನನಗೆ ಅದು ಅಷ್ಟೇ ಆಗಿರಲಿಲ್ಲ ಮಾವ. ಕೈಯಲ್ಲಿ ಸೌಟು ಬಿಟ್ಟರೆ ಬೇರೇನೂ ಇಲ್ಲದ ಹೆಂಗಸಾಗಿ ಈ ಮನೆಯಲ್ಲಿ ಮುದುಕಿಯಾಗುವುದು ನನಗೆ ಬೇಕಿರಲಿಲ್ಲ.

ಆಯುಧಪೂಜೆಯ ದಿನ ನೀವು ಯಾವತ್ತಿನಂತೆ ಅಂಗಳ ಸಾರಿಸಿ ರಂಗೋಲಿ ಹಾಕಿಸಿದಿರಿ. ಹೊಲ ಲೇಔಟಾಗಿ ಹೋಗಿದ್ದರೂ ನೇಗಿಲು, ಕುಡುಗೋಲು, ಮಚ್ಚು ಎಲ್ಲ ಸಾಲಾಗಿ ಬಂದು ಕೂತವು. ಬೋರ್‌ವೆಲ್ಲಿನ ಸ್ಟಾರ್ಟರು, ನಿಮ್ಮ ಮಗನ ಸ್ಕೂಟರು. ನಾನು ಒಬ್ಬಟ್ಟಿನ ಹೂರಣ ರುಬ್ಬಿಕೊಂಡು ಹೊರಗೆ ಬಂದು ನೋಡುತ್ತೇನೆ, ನೇಗಿಲ ಪಕ್ಕದಲ್ಲಿ ನನ್ನ ಕಂಪ್ಯೂಟರ್! ಅದರ ಪಕ್ಕ ಕರಿ ಡಬ್ಬ, ಇಂಟರ್ನೆಟ್ಟಿನ ಮೋಡೆಮ್ಮು, ಪ್ರಿಂಟರು, ಎಲ್ಲಕ್ಕೂ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ. ನೀವೇ ಒಂದೊಂದು ವೈರು ಬಿಚ್ಚಿ ಹೊತ್ತು ತಂದಿದ್ದಿರಿ. ಹಿಂದಿನ ವರ್ಷ ಅದನ್ನು ನೀವು ಪೂಜೆಗೆ ಸೇರಿಸಿರಲಿಲ್ಲ. ಕುಂಬಳಕಾಯಿ ಒಡೆದ ಮೇಲೆ ನೀವೇ ಎಲ್ಲವನ್ನೂ ಒಳಗೆ ಸಾಗಿಸಿ, ವೈರು ಜೋಡಿಸಿ, "ಎಲ್ಲಾ ಮೊದಲಿನಂಗೆ ಮಡಗಿದೀನಿ ಅಂತ ಹೇಳು" ಎಂದು ಅತ್ತೆಗೆ ಹೇಳಿದಿರಿ.

ಮಾರನೆಯ ದಿನ ಕಂಪ್ಯೂಟರ್ ಹಚ್ಚಿದೆ. ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಸಾಫ್ಟ್‌ವೇರು ಮಾತ್ರ ಬ್ಯಾಟರಿ ಮುಗಿಯಿತು, ಮುಚ್ಚುತ್ತಿದ್ದೇನೆ ಎಂದು ತೆರೆಯ ಮೇಲೆ ಬರೆದು ಕಣ್ಣೆದುರೇ ಎಲ್ಲವನ್ನೂ ಮುಚ್ಚಿಬಿಟ್ಟಿತು. ಮತ್ತೆ ಹಚ್ಚಿದೆ. ಮತ್ತೆ ಅದೇ ಹಾಡು. ಒಂದು ಪ್ಯಾರಾ ಹೊಡೆಯುವಷ್ಟರಲ್ಲಿ ಮಂಗಳಾರತಿ.

ಇಂದಿರಾನಗರದಿಂದ ಪ್ರೇಮ್‌ಕುಮಾರ್ ಬಂದ, ಯುಪಿಎಸ್ ಮಾರಿದ ಅಂಗಡಿಯ ಇಂಜಿನಿಯರು. ಒಳ್ಳೆಯ ಹುಡುಗ. ಬಗ್ಗಿ ವೈರುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದ, ಎಲ್ಲ ಬಿಗಿಯಾಗಿದ್ದವು. "ಬ್ಯಾಟರಿ ವೀಕ್ ಆಗಿದೆ ಮೇಡಂ. ಹೊಸದು ಹಾಕಿದ್ರೆ ಪ್ರಾಬ್ಲಂ ಸಾಲ್ವ್" ಎಂದು ಹೊಸ ಬ್ಯಾಟರಿ ಹಾಕಿದ. ಹೊಸ ಬ್ಯಾಟರಿಯೂ ಮುಗಿಯಿತು ಎಂದಿತು ಸಾಫ್ಟ್‌ವೇರು. ಆಗ ಅವನು ತಲೆ ಕೆರೆದುಕೊಂಡು, "ಈ ಸಾಫ್ಟ್‌ವೇರೇ ಸರಿ ಇಲ್ಲ ಮೇಡಂ, ತೆಗೆದ್ಬಿಡ್ತೀನಿ. ಕರೆಂಟ್ ಹೋದಾಗ ನೀವೇ ಶಟ್‌ಡೌನ್ ಮಾಡ್ಕೊಳ್ಳಿ" ಎಂದು ಅದನ್ನು ಕಿತ್ತುಹಾಕಿ ಹೋದ.

ಅತ್ತೆ ತಮ್ಮ ಕೈಲಾದ ರಿಪೇರಿ ಮಾಡಿದರು. ಪೂಜೆಯಲ್ಲಿ ಊರೆಲ್ಲ ನೋಡಿತ್ತಲ್ಲ, ಕಣ್ಣಾಸರ ಆಗಿದೆ ಎಂದು ಮೆಣಸಿನಕಾಯಿ, ಉಪ್ಪು ಹಿಡಿದು ಮಾನಿಟರಿಗೆ ಮೂರು ಸುತ್ತು ಇಳಿ ತೆಗೆದು ಒಲೆಗೆ ಹಾಕಿದರು. ನಾವಿಬ್ಬರೂ ಸಾಯಂಕಾಲದವರೆಗೆ ಕೆಮ್ಮಿದೆವು.

ಸಾಫ್ಟ್‌ವೇರು ಇಲ್ಲದೆ ಕಂಪ್ಯೂಟರ್ ಓಡಿತು, ಸುಳ್ಳು ಹೇಳಬಾರದು. ಸಂಚಿಕೆಯ ಅರ್ಧಕ್ಕಿಂತ ಹೆಚ್ಚು ಪುಟ ಜೋಡಿಸಿಬಿಟ್ಟೆ. ಒಂದು ಮಧ್ಯಾಹ್ನ ಮೋಡ ಕವಿಯಿತು, ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದೆ. ಅಲ್ಲಿ ಪಕ್ಕದ ಮನೆಯ ಅಂಜಿನಮ್ಮ ಮಾತಿಗೆ ಸಿಕ್ಕಿದರು. ಕೆಳಗೆ ಕರೆಂಟು ಹೋಗಿದ್ದು ಗೊತ್ತಾಗಲಿಲ್ಲ. ಬ್ಯಾಟರಿ ಕೂಗಿ ಕೂಗಿ ಸತ್ತಿತು, ಮುಚ್ಚುವವರು ಯಾರೂ ಇರಲಿಲ್ಲ. ಕರೆಂಟು ಬಂದ ಮೇಲೆ ತೆರೆದರೆ ಸಂಚಿಕೆಯ ಫೈಲು ಕೆಟ್ಟುಹೋಗಿತ್ತು, ಒಂದು ಪುಟವೂ ತೆರೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ಅವತ್ತು ನಿಜವಾದ ತುತ್ತೂ ಇಳಿಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನೀವು ಕಂಬದ ಕಡೆ ತಿರುಗಿ ತೀರ್ಪು ಕೊಟ್ಟಿರಿ. "ರಾಜ್ಯೋತ್ಸವಕ್ಕೆ ಆ ಪುಸ್ತಕ ಆಗದಿದ್ರೆ ಡಬ್ಬ ಎಲ್ಲಾ ಮಾರಿಬಿಡ್ಲಿ. ನೆಮ್ಮದಿಯಾಗಿ ಮನೆ ನೋಡ್ಕೊಂಡಿರ್ಲಿ." ನಿಮ್ಮ ಮಗ ಇನ್ನೊಂದು ತುತ್ತು ಮುದ್ದೆ ಮುರಿದುಕೊಂಡರು. ಅತ್ತೆ ಆ ಮಾತನ್ನು ನನಗೆ ಮತ್ತೊಮ್ಮೆ ಹೇಳಲೂ ಇಲ್ಲ. ನನಗೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ, ಆ ದೊಡ್ಡ ತಪ್ಪಲೆಯ ನೆಗ್ಗು ಇನ್ನೂ ಇದೆ.

ಮೊದಲಿನಿಂದ ಜೋಡಿಸಲು ಕೂತೆ. ಕೂತರೂ ಜೀವ ಕೈಯಲ್ಲಿ, ಈಗ ಕರೆಂಟು ಹೋದೀತು, ಈಗ ಹೋದೀತು. ಆ ಸಾಫ್ಟ್‌ವೇರು ಸರಿಯಾಗದೆ ಈ ಕೆಲಸ ಮುಗಿಯುವುದಿಲ್ಲ ಎಂದು ಗಟ್ಟಿಯಾಯಿತು. ತಯಾರಿಸಿದವರ ವೆಬ್‌ಸೈಟಿನಲ್ಲಿ ಏನಾದರೂ ದಾರಿ ಸಿಕ್ಕೀತೇ ನೋಡೋಣವೆಂದು ಇಂಟರ್ನೆಟ್ಟಿಗೆ ಡಯಲ್ ಮಾಡಿದೆ. ಮೋಡೆಮ್ಮು ಓಗೊಡಲಿಲ್ಲ. ಹಬ್ಬದ ಮಾರನೆಯ ದಿನವೂ ಹೀಗೇ ಆಗಿತ್ತು, ಫೋನ್ ಲೈನು ಸರಿಯಿಲ್ಲವೆಂದು ಬಿಟ್ಟಿದ್ದೆ. ಈ ಸಲ ಫೋನೆತ್ತಿ ಕಿವಿಗಿಟ್ಟುಕೊಂಡೆ. ಗುಂಯ್ ಎಂದು ಚೆನ್ನಾಗಿಯೇ ಸದ್ದು ಬರುತ್ತಿತ್ತು. ಲೈನು ಸರಿಯಿದೆ, ಮೋಡೆಮ್ಮು ಸತ್ತಿದೆ. ಯಾವತ್ತಿನಿಂದ? ಹಬ್ಬದಿಂದ. ಬ್ಯಾಟರಿಯ ಸಾಫ್ಟ್‌ವೇರು ಹುಚ್ಚು ಹಿಡಿದದ್ದು ಯಾವತ್ತಿನಿಂದ? ಅದೂ ಹಬ್ಬದಿಂದ.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನೂ ಪ್ರೇಮ್‌ಕುಮಾರನೂ ಡಬ್ಬದ ಒಳಗೆಲ್ಲ ಹುಡುಕಿದ್ದೆವು. ಹಬ್ಬದ ದಿನ ಏನಾಯಿತೆಂದು ಯಾರೂ ಕೇಳಿರಲಿಲ್ಲ. ಅದು ಗೊತ್ತಿದ್ದವರು ನೀವೊಬ್ಬರೇ. ನನಗೆ ಇದೆಲ್ಲ ಹೊಳೆದದ್ದು ಒಂದು ಮಂಗಳವಾರ, ಅತ್ತೆ ಕೆ.ಆರ್.ಪುರದ ಸಂತೆಗೆ ಹೋಗಿದ್ದರು. ನಿಮ್ಮ ಮಗ ಫ್ಯಾಕ್ಟರಿಯಲ್ಲಿದ್ದರು. ಪಡಸಾಲೆಯಲ್ಲಿ ನೀವು ಅಡಿಕೆ ಕತ್ತರಿಸುತ್ತಾ ಕೂತಿದ್ದಿರಿ. ನಾನು ಬಾಗಿಲ ಸಂದಿಯಲ್ಲಿ ನಿಂತೆ. ಕಂಬಕ್ಕೆ ಕೇಳೋಣವೆಂದು ಬಾಯಿ ತೆರೆದೆ. ಕಂಬಕ್ಕೆ ವೈರು ತೋರಿಸುವುದು ಹೇಗೆ? ಸೆರಗು ಹೊದ್ದು, ಹೊಸಿಲು ದಾಟಿ, ನಿಮ್ಮ ಎದುರಿಗೇ ಬಂದು ನಿಂತುಬಿಟ್ಟೆ.

"ಮಾವ, ಹಬ್ಬದ ದಿನ ಕರಿ ಡಬ್ಬದ ವೈರು, ಮೋಡೆಮ್ ವೈರು ಹೆಂಗೆ ಹಾಕಿದ್ರಿ?" ಎಂದೆ.

ನಿಮ್ಮ ಅಡಕತ್ತರಿ ಹಾಗೇ ನಿಂತಿತು. ನೀವು ಮೊದಲು ಅಡುಗೆಮನೆಯ ಕಡೆ ನೋಡಿದಿರಿ, ಆಮೇಲೆ ಕಂಬದ ಕಡೆ. ಬಯ್ಯುತ್ತೀರೆಂದುಕೊಂಡೆ. ಕೊನೆಗೆ ಕಂಬಕ್ಕೇ ಹೇಳಿದಿರಿ: "ಎರಡೂ ವೈರಿನ ಮೂತಿ ಒಂದೇ ಥರ ಇದ್ವು. ಒಂದು ಉದ್ದ, ಒಂದು ಗಿಡ್ಡ. ಉದ್ದದ್ದನ್ನ ದೂರದ ಡಬ್ಬಕ್ಕೆ ಹಾಕ್ದೆ, ಗಿಡ್ಡದ್ದನ್ನ ಹತ್ರ ಇರೋದಕ್ಕೆ. ತ್ವಾಟಕ್ಕೆ ಪೈಪ್ ಎಳೆಯೋದು ಹಂಗೇ ಅಲ್ವಾ?"

ಮಾವ, ನಾನು ಅಲ್ಲೇ ಕುಣಿಯಲಿಲ್ಲ ಅಷ್ಟೇ! ಒಳಗೆ ಓಡಿ ಮೇಜಿನ ಕೆಳಗೆ ತೂರಿದೆ. ನಿಮ್ಮ ಲೆಕ್ಕ ತೋಟಕ್ಕೆ ಸರಿ. ಯಾವ ಪೈಪಿನಲ್ಲಿ ಹರಿದರೂ ನೀರು ನೀರೇ. ಈ ವೈರುಗಳಿಗೆ ಮೂತಿ ಒಂದೇ ಆದರೂ ಹೊಟ್ಟೆಯೊಳಗಿನ ತಂತಿಗಳ ಜೋಡಣೆ ಬೇರೆ. ಮೋಡೆಮ್ಮಿನ ವೈರನ್ನು ಯುಪಿಎಸ್ಸಿಗೆ ಹಾಕಿದರೆ ಸಾಫ್ಟ್‌ವೇರಿಗೆ ಸುಳ್ಳು ಸುದ್ದಿಯೇ ಹೋಗುತ್ತದೆ, ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಮುಗಿಯಿತು ಅಂತ. ಅದು ಪಾಪ ನಂಬಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಯುಪಿಎಸ್ಸನ್ನು ಹತ್ತಿರಕ್ಕೆ ಎಳೆದು ಗಿಡ್ಡ ವೈರು ಅದಕ್ಕೆ, ಉದ್ದ ವೈರು ಮೋಡೆಮ್ಮಿಗೆ ಹಾಕಿದೆ. ಪ್ರೇಮ್‌ಕುಮಾರ್ ಕಿತ್ತಿದ್ದ ಸಾಫ್ಟ್‌ವೇರನ್ನು ಸಿ.ಡಿ.ಯಿಂದ ಮತ್ತೆ ತುಂಬಿದೆ. ತೆರೆಯ ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಚಿತ್ರ ಹಸಿರಾಗಿ ಬಂದು ಕೂತಿತು. ಕಾದೆ. ಮುಚ್ಚಲಿಲ್ಲ. ಇನ್ನೂ ಕಾದೆ. ಮುಚ್ಚಲಿಲ್ಲ!

ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಮುಖ ಚಿಕ್ಕದಾಗಿತ್ತು, ನಿಮಗೂ ಅರ್ಥವಾಗಿತ್ತು. ಆದರೆ ಅರ್ಧ ಕೆಲಸವಷ್ಟೇ ಆಗಿತ್ತು. ನಿಜವಾಗಿ ಕರೆಂಟು ಹೋದರೆ ಅದು ತಾನೇ ಮುಚ್ಚಿಕೊಳ್ಳುತ್ತದೆಯೇ ನೋಡಬೇಕಿತ್ತು. ಅವತ್ತು ನೋಡಿ, ಬೇಕೆಂದಾಗ ಕರೆಂಟು ಹೋಗಲೊಲ್ಲದು. ಆಗ ನಾನೇ ಕೇಳಿದೆ, "ಮಾವ, ಮೀಟರ್ ಬೋರ್ಡಿನ ಫ್ಯೂಸ್ ಒಂಚೂರು ಕಿತ್ತು ಹಿಡ್ಕೋತೀರಾ?"

ನೀವು ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಹೊರಟದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಫ್ಯಾನು ನಿಂತಿತು. ಡಬ್ಬ ಕುಯ್ಯೆಂದು ಕೂಗತೊಡಗಿತು. ತೆರೆ ಬೆಳಗುತ್ತಲೇ ಇತ್ತು. ಹೊರಗಿನಿಂದ ನಿಮ್ಮ ದನಿ ಬಂತು, ಇಡೀ ಬೀದಿಗೆ ಕೇಳುವ ಹಾಗೆ: "ಕಿತ್ತಿದೀನಿ ಕಣಮ್ಮಾ! ಏನಾಯ್ತು?" ನಾನೂ ಅಷ್ಟೇ ಜೋರಾಗಿ, "ಇನ್ನೂ ಇದೆ ಮಾವ! ಹಿಡ್ಕೊಂಡೇ ಇರಿ!" "ಹಾಕ್ಲೇನಮ್ಮಾ?" "ಬೇಡ ಬೇಡ, ಈಗ ಬ್ಯಾಟರಿ ಇಳೀತಾ ಇದೆ!" "ಹೇಳಮ್ಮಾ ಮತ್ತೆ, ಕೈ ನೋಯ್ತಾ ಐತೆ!" ಅಂಜಿನಮ್ಮ ಕಾಂಪೌಂಡಿನಿಂದ ಇಣುಕಿ ನೋಡಿದರು, ಮಾವ ಸೊಸೆ ಕೂಗಾಡುತ್ತಿದ್ದಾರೆಂದು ಗಾಬರಿಯಾಗಿ. ಅಷ್ಟರಲ್ಲಿ ತೆರೆಯ ಮೇಲೆ ಬರಹ ಬಂತು. ನಾನು ಜೋಡಿಸಿದ್ದೆಲ್ಲ ಉಳಿಯಿತು, ಒಂದೊಂದೇ ಕಿಟಕಿ ಮುಚ್ಚಿತು, ತೆರೆ ಕಪ್ಪಾಯಿತು. "ಹಾಕಿ ಮಾವ, ಹಾಕಿ! ಗೆದ್ವಿ!" ಎಂದು ನಾನು ಅಂಗಳಕ್ಕೆ ಓಡಿಬಂದೆ, ತಲೆಯ ಮೇಲೆ ಸೆರಗಿಲ್ಲದೆ. ನೀವು ಫ್ಯೂಸ್ ಹಿಡಿದುಕೊಂಡು ನಗುತ್ತಿದ್ದಿರಿ. ನೀವು ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು.

ಆಮೇಲಿನದು ನಿಮಗೆ ಬಾಯಿಪಾಠ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಒಂದು ಅಕ್ಷರವೂ ಕಳೆಯಲಿಲ್ಲ. ಪುಟಗಳನ್ನೆಲ್ಲ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಾಜಿನಗರಕ್ಕೆ ಹೋದೆ. ರಹೀಂ ಸಾಹೇಬರು ಕನ್ನಡಕ ಏರಿಸಿ ತಿರುವಿ ತಿರುವಿ ನೋಡಿ, "ಅರೆ ವಾಹ್ ಮೇಡಂ, ಏಕ್‌ದಂ ಫಸ್ಟ್ ಕ್ಲಾಸ್. ಸ್ಕೂಲ್ ಬುಕ್ಕು ನಿಮ್ದೇ" ಎಂದರು. ರಾಜ್ಯೋತ್ಸವದ ದಿನ ಕೆ.ಆರ್.ಪುರದ ಸಭೆಯಲ್ಲಿ ಭಾಷಣ ನಡೆಯುತ್ತಿದ್ದರೆ, ನೀವು ಸಂಚಿಕೆಯ ಕೊನೆಯ ಪುಟದಲ್ಲಿ 'ಅಕ್ಷರ ಜೋಡಣೆ: ಧನಲಕ್ಷ್ಮಿ, ಹೊರಮಾವು' ಎಂದಿದ್ದುದನ್ನು ಅಕ್ಕಪಕ್ಕದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದಿರಿ. ಮುಂದೆ ಕೂತವರು ಶ್ ಎಂದರೂ ನೀವು ಬಿಡಲಿಲ್ಲ. ಅಲ್ಲಿಂದಲೇ ಶುರುವಾಯಿತು ಫ್ಯೂಸಿನ ಕಥೆ. ಉದ್ದ ವೈರು, ಗಿಡ್ಡ ವೈರಿನ ಸಂಗತಿ ಮಾತ್ರ ಅದರಲ್ಲಿ ಅವತ್ತೂ ಇರಲಿಲ್ಲ, ನಿನ್ನೆಯೂ ಇರಲಿಲ್ಲ.

ಇಷ್ಟು ವರ್ಷ ನಾನು ಯಾಕೆ ತಿದ್ದಲಿಲ್ಲ ಗೊತ್ತೇ? ಅದನ್ನೂ ಹೇಳಿ ಮುಗಿಸುತ್ತೇನೆ, ರಾಗಿ ಮುದ್ದೆಗೆ ಎಸರು ಇಡಬೇಕು.

ಅದೇ ವರ್ಷ ದೀಪಾವಳಿ ಕಳೆದ ಭಾನುವಾರ ನಿಮ್ಮ ಅಣ್ಣ ಮುನಿಆಂಜನಪ್ಪನವರು ಮನೆಮಂದಿಯೊಂದಿಗೆ ಬಂದಿದ್ದರು. ಅತ್ತೆ ಮನೆಯಲ್ಲಿರಲಿಲ್ಲ. ನಾನು ಒಳಗೆ ಶಾಲೆಯ ಪುಸ್ತಕದ ಮೊದಲ ಪಾಠ ಜೋಡಿಸುತ್ತಿದ್ದೆ. ದೊಡ್ಡಮಾವ ಪಡಸಾಲೆಯಿಂದಲೇ ಗದರಿದರು: "ಏನೋ ಬೈಲಪ್ಪ, ಬಂದೋರಿಗೆ ಒಂದು ಲೋಟ ಕಾಫಿ ಕೊಡೋಕೂ ಗತಿಯಿಲ್ವಾ ಈ ಮನೇಲಿ? ಸೊಸೆ ಎಲ್ಲಿ?" ನಾನು ಗಡಬಡಿಸಿ ಕುರ್ಚಿ ಹಿಂದಕ್ಕೆ ತಳ್ಳಿದೆ. ಆಗ ನಿಮ್ಮ ದನಿ ಕೇಳಿತು.

"ಅವಳು ಗೇಮೆ ಮಾಡ್ತಾವ್ಳೆ ಕಣಣ್ಣ. ಎಬ್ಬಿಸಬಾರ್ದು. ಕೂತ್ಕೋ, ಕಾಫಿ ನಾನು ಕಾಯಿಸ್ತೀನಿ."

ಗೇಮೆ ಎಂದಿರಿ. ಮಣ್ಣಲ್ಲಿ ಮೈ ಮುರಿದು ದುಡಿದವರ ಕೆಲಸಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನೀವು ಆ ಮಾತು ಆಡಿದವರಲ್ಲ. ನಿಮ್ಮ ಸ್ವಂತ ಮಗ ಫ್ಯಾಕ್ಟರಿಯಲ್ಲಿ ಬೆವರು ಸುರಿಸಿದರೂ ಅದು ನಿಮಗೆ ಬರೀ ಡ್ಯೂಟಿ. ಅಡುಗೆಮನೆಯಲ್ಲಿ ನೀವು ಡಬ್ಬಗಳನ್ನು ಬೀಳಿಸಿದ ಸದ್ದು ಬಂತು, ಹಾಲು ಉಕ್ಕಿ ಸೀದ ವಾಸನೆ ಬಂತು. ದೊಡ್ಡಮಾವ ಆ ಕಾಫಿಯನ್ನು ಹೇಗೆ ಕುಡಿದರೋ ದೇವರೇ ಬಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿ ಅಕ್ಷರಗಳೆಲ್ಲ ಕಲಸಿಹೋದವು. ಕುರ್ಚಿಯನ್ನು ಮತ್ತೆ ಮೇಜಿನ ಹತ್ತಿರ ಎಳೆದುಕೊಂಡೆ. ನಾನು ಏಳಲಿಲ್ಲ ಮಾವ.

ಕಥೆ ಹೇಳುವ ನಿಮ್ಮ ಗಂಟಲು ನೂರು ಕಾಲ ಹೀಗೇ ಗಟ್ಟಿಯಾಗಿರಲಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮನೆಯಲ್ಲಿ ಗೇಮೆ ಮಾಡುವ ಸೊಸೆ,
ಧನಲಕ್ಷ್ಮಿ